ನನ್ನ ಕ್ಲಬ್ಬು, ನನ್ನ ಗೋಲ್‌ಕೀಪರ್, ಅವರ ಫೋಟೋ

ನನ್ನ ಬದುಕಿನ ದೊಡ್ಡ ದಿನದ ಫೋಟೋ ನಮ್ಮ ಹಾಲ್‌ನ ಗೋಡೆಯ ಮೇಲಿದೆ. ಅದರಲ್ಲಿ ನಾನಿಲ್ಲ. ತೆಗೆದವಳು ನಾನು.

ಫೋಟೋದಲ್ಲಿ ಇಬ್ಬರಿದ್ದಾರೆ. ಒಬ್ಬ, ಬೆಂಗಳೂರಿನ ನನ್ನ ಪ್ರೀತಿಯ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಇನ್ನೊಬ್ಬರು ನನ್ನ ಯಜಮಾನರು, ಮಹದೇವಸ್ವಾಮಿ. ಕೀಪರ್‌ನ ಕೈ ಯಜಮಾನರ ಹೆಗಲ ಮೇಲಿದೆ. ಯಜಮಾನರ ಎರಡು ಕೈಯಲ್ಲೂ ಕೀಪರ್‌ನ ಗ್ಲೌಸ್ ಇದೆ. ಹೌದು, ಮ್ಯಾಚ್ ಆಡುವ ಗ್ಲೌಸೇ. ಕೆಳಗಿನ ಮೂಲೆಯಲ್ಲಿ ಮಸುಕಾಗಿ ಏನೋ ಕಾಣುತ್ತದಲ್ಲ, ಅದು ನನ್ನ ಬೆರಳು. ಲೆನ್ಸಿಗೆ ಅಡ್ಡ ಬಂದಿತ್ತು. (ಖುಷಿಗೆ ಮೈಮರೆತೆ ಅಂದುಕೊಂಡಿದ್ದರೆ, ಇಷ್ಟು ದಿನ ನನ್ನ ಅಂಕಣ ಓದಿ ನೀವು ಏನು ತಿಳಿದುಕೊಂಡಿರಿ?)

ನಂಜನಗೂಡಿನ ನಮ್ಮ ಮನೆಗೆ ಬಂದವರೆಲ್ಲ ಆ ಫೋಟೋ ಮುಂದೆ ನಿಲ್ಲುತ್ತಾರೆ. "ಓ, ಸ್ವಾಮಿಯೋರು ಫುಟ್‌ಬಾಲ್ ಬೇರೆ ನೋಡ್ತಾರಾ?" ಎನ್ನುತ್ತಾರೆ. ನಾನು ಕಾಫಿ ತರಲು ಒಳಗೆ ಹೋಗುತ್ತೇನೆ. ಅವತ್ತು ಕಾಫಿಗೆ ಸಕ್ಕರೆ ಕಮ್ಮಿ ಬೀಳುತ್ತದೆ.

ಸ್ವಾಮಿಯೋರು ಫುಟ್‌ಬಾಲ್ ನೋಡುವುದಿಲ್ಲ. ತಾಂಡ್ಯದ ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್ ಅವರು. ಮ್ಯಾಚ್ ಶುರುವಾಗಿ ಇನ್ನೂ ಚೆಂಡು ಸರಿಯಾಗಿ ಉರುಳಿರುವುದಿಲ್ಲ, ಸೋಫಾದಲ್ಲಿ ಗೊರಕೆ ಕೇಳುತ್ತದೆ. ಹಾಫ್ ಟೈಮ್ ಆದ ಮೇಲೆ ಎರಡು ಟೀಮೂ ಕಡೆ ಬದಲಿಸುತ್ತವೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಒಂದು ಸಲ ನಮ್ಮವರು ಸೆಕೆಂಡ್ ಹಾಫ್‌ನಲ್ಲಿ ಗೋಲು ಹೊಡೆದಾಗ ನಾನು ಕುಣಿಯುತ್ತಿದ್ದೆ. ಇವರು ಕಣ್ಣುಜ್ಜಿಕೊಂಡು ಎದ್ದು, "ಅಯ್ಯೋ ಪಾಪ, ನಿಮ್ಮೋರು ತಮ್ ಗೋಲ್‌ಗೇ ಹಾಕ್ಕೊಂಡ್ರಲ್ಲೇ, ಅದಕ್ಯಾಕೆ ಕುಣೀತಿದ್ದೀಯೆ" ಎಂದು ಕೇಳಿದ್ದರು.

ಇಂಥವರ ಕೈಗೆ ಆ ಗ್ಲೌಸ್.

ಫುಟ್‌ಬಾಲ್ ನನಗೆ ಹತ್ತಿದ್ದು ಹೆಮ್ಮಿಗೆಯಲ್ಲಿ, ತವರಿನಲ್ಲಿ. ಭತ್ತದ ಕುಯ್ಲು ಮುಗಿದ ಗದ್ದೆಯಲ್ಲಿ ಅಣ್ಣಂದಿರು ಆಡುತ್ತಿದ್ದರು. ಗೋಲಿಗೆ ನಿಲ್ಲಲು ಯಾರಿಗೂ ಇಷ್ಟವಿಲ್ಲ. ಯಾಕೆಂದರೆ ಗೋಲಿನ ಹಿಂದೆಯೇ ನಾಲೆ. ಚೆಂಡು ನೀರಿಗೆ ಬಿದ್ದರೆ ಇಳಿದು ತರುವ ಕೆಲಸ ಕೀಪರಿನದು. ಹಾಗಾಗಿ ಆ ಕೆಲಸ ನನಗೆ ಬಂತು. ನನಗೋ ಅದೇ ರುಚಿಸಿತು. ಎಲ್ಲರೂ ಚೆಂಡಿನ ಹಿಂದೆ ಬಿದ್ದು ಓಡುವಾಗ ಒಬ್ಬಳೇ ನಿಂತು ಕಾಯುವುದಿದೆಯಲ್ಲ, ಅದರ ಮಜವೇ ಬೇರೆ. ದೊಡ್ಡವಳಾದ ಮೇಲೆ ಅಮ್ಮ ಒಳಗೆ ಕರೆದರು. ಆಟ ನಿಂತಿತು. ಹುಚ್ಚು ನಿಲ್ಲಲಿಲ್ಲ. ಈಗ ಬದನವಾಳಿನ ಶಾಲೆಯಲ್ಲಿ ಗಣಿತ ಮೇಡಂ ಆಗಿದ್ದೇನೆ, ಬೋರ್ಡ್ ಮೇಲೆ ಆಯತ ಬರೆದರೆ ಸಾಕು, ಅದಕ್ಕೆ ನೆಟ್ ಕಟ್ಟಬೇಕೆನ್ನಿಸುತ್ತದೆ.

ಸರಿ, ಈಗ ನಾನು ಮಾಡಿಕೊಂಡ ಎಡವಟ್ಟಿಗೆ ಬರೋಣ.

ಈ ಕ್ಲಬ್ಬಿಗೆ ಅಭಿಮಾನಿಗಳ ಸದಸ್ಯತ್ವ ಅಂತ ಒಂದಿದೆ. ಹಲವು ವರ್ಷದಿಂದ ನಾನು ಸದಸ್ಯೆ. ಸದಸ್ಯೆ ಏನು ಬಂತು, ಸದಸ್ಯರು ಅವರು. ಏಕೆಂದರೆ ಅದನ್ನು ಮಾಡಿಸುವಾಗ ನಾನು ಯೋಚನೆಯೇ ಮಾಡದೆ ಯಜಮಾನರ ಹೆಸರು ಕೊಟ್ಟಿದ್ದೆ. ನಮ್ಮ ಕಡೆ ಎಲ್ಲ ಹಾಗೇ ತಾನೆ? ಗ್ಯಾಸ್ ಅವರ ಹೆಸರಲ್ಲಿ. ಕರೆಂಟು ಅವರ ಹೆಸರಲ್ಲಿ. ಅವರು ಜನ್ಮದಲ್ಲಿ ಹತ್ತದ ನನ್ನ ಸ್ಕೂಟಿ ಅವರ ಹೆಸರಲ್ಲಿ. ದೇವಸ್ಥಾನದಲ್ಲಿ ನನಗೆ ಜ್ವರ ವಾಸಿಯಾಗಲಿ ಅಂತ ಅರ್ಚನೆ ಮಾಡಿಸಿದರೂ ಮೊದಲು ಅವರ ಹೆಸರು, ಅವರ ನಕ್ಷತ್ರ. ರೇಷನ್ ಕಾರ್ಡ್ ಒಂದರಲ್ಲಿ ಮಾತ್ರ ಸರ್ಕಾರವೇ ಹಠ ಹಿಡಿದು ನನ್ನನ್ನು ಯಜಮಾನಿ ಮಾಡಿದೆ. ಅದೂ ಅಕ್ಕಿಗೆ.

ಹೀಗಿರುವಾಗ ಒಂದು ದಿನ ಕ್ಲಬ್ಬಿನಿಂದ ಮೆಸೇಜ್ ಬಂತು. ಹಳೆಯ ಸದಸ್ಯರಲ್ಲಿ ಕೆಲವರನ್ನು ಆರಿಸಿದ್ದೇವೆ, ಸ್ಟೇಡಿಯಂ ಒಳಗೆಲ್ಲ ತೋರಿಸುತ್ತೇವೆ, ಡ್ರೆಸ್ಸಿಂಗ್ ರೂಂ, ಆಟಗಾರರು ಮೈದಾನಕ್ಕೆ ಬರುವ ದಾರಿ ಎಲ್ಲವೂ. ಆಟಗಾರರೊಬ್ಬರನ್ನು ಭೇಟಿ ಮಾಡಿಸುತ್ತೇವೆ. ಜೊತೆಗೆ ಒಬ್ಬರನ್ನು ಕರೆತರಬಹುದು. 'ಪ್ರಿಯ ಮಹದೇವಸ್ವಾಮಿಯವರೇ' ಎಂದು ಶುರುವಾಗಿತ್ತು. ನಾನು ಅದನ್ನು ಗಮನಿಸಲೇ ಇಲ್ಲ. ಗೋಲ್‌ಕೀಪರ್ ಬರುತ್ತಾನೆ ಎನ್ನುವ ಸಾಲು ಓದಿದ ಮೇಲೆ ಇನ್ನೇನು ಕಾಣುತ್ತದೆ?

ಅವನಿಗೆ ಕೇಳಬೇಕಾದ ಪ್ರಶ್ನೆ ನನ್ನ ಹತ್ತಿರ ಒಂದೇ ಒಂದಿತ್ತು. ಹೆಮ್ಮಿಗೆಯ ಗದ್ದೆಯಿಂದ ಇಟ್ಟುಕೊಂಡು ಬಂದದ್ದು. ಪೆನಾಲ್ಟಿ ಹೊಡೆಯಲು ಬರುವವನ ಕಣ್ಣು ನೋಡಬೇಕಾ, ಕಾಲು ನೋಡಬೇಕಾ? ನಮ್ಮಣ್ಣ ಕಣ್ಣು ಅನ್ನುತ್ತಿದ್ದ. ನಾನು ಕಣ್ಣು ನೋಡಿದಾಗಲೆಲ್ಲ ಅವನು ಗೋಲು ಹೊಡೆಯುತ್ತಿದ್ದ. ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಜೋಡಿಸಿ, ಸ್ಕೂಟಿಯಲ್ಲಿ ಬದನವಾಳಿಗೆ ಹೋಗುತ್ತ ಬರುತ್ತ ಹೇಳಿ ಹೇಳಿ ಅಭ್ಯಾಸ ಮಾಡಿದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಯಾರನ್ನಾದರೂ ನೋಡಲು ಬರಿಗೈಯಲ್ಲಿ ಹೋಗುವುದು ಹೇಗೆ? ನಂಜನಗೂಡಿನಿಂದ ಹೋಗುವವಳು ರಸಬಾಳೆ ಬಿಟ್ಟು ಇನ್ನೇನು ಒಯ್ಯಲಿ? ಆ ಹೆಸರು ಹೇಳಿ ಮಾರುವ ಹಣ್ಣು ಬೇಕಾದಷ್ಟು ಸಿಗುತ್ತದೆ, ಅಸಲಿ ಸಿಗುವುದು ಕಷ್ಟ. ಪರಿಚಯದ ಬೆಳೆಗಾರರ ಬೆನ್ನು ಹತ್ತಿ, ಎರಡು ಸಲ ಅವರ ತೋಟಕ್ಕೆ ಓಡಾಡಿ, ಸರಿಯಾಗಿ ಆ ದಿನಕ್ಕೆ ಹಣ್ಣಾಗುವ ಚಿಪ್ಪು ತಂದೆ. ಅದನ್ನು ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನವರೆಗೂ ಹೋದೆ. ಯಜಮಾನರು ಕಾರು ಓಡಿಸಿದರು. ಅವರ ಪಾಲಿನ ಕೆಲಸ ಅಷ್ಟೇ ಎಂದು ನಾವಿಬ್ಬರೂ ತಿಳಿದಿದ್ದೆವು.

ಗೇಟಿನಲ್ಲಿ ಕ್ಲಬ್ಬಿನ ಹುಡುಗಿಯೊಬ್ಬಳು ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ನಗುತ್ತ ಬಂದಳು. ನೇರ ಯಜಮಾನರ ಕೈ ಕುಲುಕಿದಳು. "ವೆಲ್ಕಮ್ ಮಹದೇವಸ್ವಾಮಿ ಸರ್. ನಿಮ್ಮಂಥ ಫ್ಯಾನ್ಸ್ ಇರೋದಕ್ಕೇ ನಾವಿರೋದು." ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನಿಮಗೆ ಬೋರ್ ಆದರೆ ಹೇಳಿ, ಎಸಿ ಲಾಂಜ್ ಇದೆ, ಆರಾಮಾಗಿ ಕೂತಿರಬಹುದು" ಎಂದಳು.

ನಾನು ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ. "ನೋಡಮ್ಮ, ಫ್ಯಾನ್ ನಾನು, ಅವರಲ್ಲ. ಹೆಸರು ಮಾತ್ರ ಅವರದು" ಎಂದೆ. ಅವಳು ಯಜಮಾನರನ್ನು ನೋಡಿ ನಕ್ಕಳು. "ಸೋ ಸ್ವೀಟ್. ಇಬ್ಬರೂ ಒಟ್ಟಿಗೆ ಮ್ಯಾಚ್ ನೋಡ್ತೀರಾ ಸರ್?"

ಯಜಮಾನರು ಗಂಟಲು ಸರಿ ಮಾಡಿಕೊಂಡು, "ಊಂ, ನೋಡ್ತೀವಿ" ಎಂದರು. ಗೊರಕೆಯ ವಿಷಯ ಹೇಳಲಿಲ್ಲ.

ಒಳಗೆ ಹೋದೆವು. ಏನು ಹೇಳಲಿ ನಿಮಗೆ? ಡ್ರೆಸ್ಸಿಂಗ್ ರೂಮಿನಲ್ಲಿ ಒಗೆದ ಬಟ್ಟೆಯ ವಾಸನೆ, ನೋವಿನ ಸ್ಪ್ರೇ ವಾಸನೆ. ಗೋಡೆಯುದ್ದಕ್ಕೂ ಮೊಳೆಗಳಲ್ಲಿ ಜೆರ್ಸಿ ನೇತು ಹಾಕಿದ್ದರು. ಒಂದು ಕಡೆ ಐಸ್ ನೀರಿನ ದೊಡ್ಡ ತೊಟ್ಟಿ. ಟಿವಿಯಲ್ಲಿ ಹುಲಿಗಳ ಹಾಗೆ ಕಾಣುವವರು ಇಲ್ಲಿ ಮನೆಗೆ ಬಂದ ಗಂಡಸರಂತೆ ಚಪ್ಪಲಿ ಅಲ್ಲೊಂದು ಇಲ್ಲೊಂದು ಬಿಟ್ಟು ಹೋಗಿದ್ದರು. ನನ್ನ ಕೀಪರ್ ಕೂರುವ ಜಾಗ ಮೂಲೆಯಲ್ಲಿತ್ತು. ನನಗದು ಮೊದಲೇ ಗೊತ್ತಿತ್ತು. ಕೀಪರ್ ಮೂಲೆಯಲ್ಲಲ್ಲದೆ ಇನ್ನೆಲ್ಲಿ ಕೂರುತ್ತಾನೆ?

"ಸರ್, ನೀವು ಅಲ್ಲಿ ಕೂತ್ಕೊಳ್ಳಿ" ಎಂದಳು ಹುಡುಗಿ. ಸರ್ ಕೂತರು. ಅಲ್ಲಿ. ಆ ಮೂಲೆಯಲ್ಲಿ. ತೊಡೆ ಅಗಲಿಸಿಕೊಂಡು, ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತ ಹಾಗೆ.

ಬೇರೆಯವರ ಗಂಡಂದಿರನ್ನು ನೋಡಿ ಹೊಟ್ಟೆ ಉರಿದುಕೊಳ್ಳುವ ಹೆಂಗಸರನ್ನು ನಾನು ಕಂಡಿದ್ದೇನೆ. ನನಗೆ ಅವತ್ತು ನನ್ನ ಗಂಡನನ್ನೇ ನೋಡಿ ಉರಿಯಿತು. ಅವರು ಬೇಕೆಂದು ಏನನ್ನೂ ಮಾಡಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಬೇಡಿ, ಕಾದು, ಅತ್ತು ಪಡೆದಿದ್ದರೆ ಒಂದು ಮಾತು. ಸುಮ್ಮನೆ ನಿಂತವರ ಮೇಲೆ ಹೂ ಬಿದ್ದರೆ ಹೇಗೆ ಸಹಿಸುವುದು ಹೇಳಿ?

ಅಷ್ಟರಲ್ಲಿ ಜೆರ್ಸಿ ಬಂತು. ಅವರಿಗೆಂದೇ ಮಾಡಿಸಿದ್ದು. ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಮಹದೇವಸ್ವಾಮಿ. ಹೆಸರು ಉದ್ದವಾಗಿ, ಒಂದು ಕಂಕುಳಲ್ಲಿ ಶುರುವಾಗಿ ಇನ್ನೊಂದು ಕಂಕುಳಲ್ಲಿ ಮುಗಿದಿತ್ತು. ನನಗೆ ಒಂದು ಕೀಚೈನ್ ಕೊಟ್ಟರು.

ಆಮೇಲೆ ಅವನು ಬಂದ.

ಟಿವಿಯಲ್ಲಿ ಕಾಣುವುದಕ್ಕಿಂತ ಎತ್ತರ, ಟಿವಿಯಲ್ಲಿ ಕಾಣುವುದಕ್ಕಿಂತ ನಾಚಿಕೆ. ಹೊರ ರಾಜ್ಯದ ಹುಡುಗ, ನಾಲ್ಕಾರು ಕನ್ನಡ ಮಾತು ಕಲಿತಿದ್ದಾನೆ. ಬಂದವನೇ, "ನಮಸ್ಕಾರ ಸರ್, ಚೆನ್ನಾಗಿದ್ದೀರಾ" ಎಂದು ಯಜಮಾನರನ್ನು ಅಪ್ಪಿಕೊಂಡ. ನಾನು ಟವೆಲ್ ಬಿಚ್ಚಿ ಬಾಳೆಹಣ್ಣು ಮುಂದೆ ಹಿಡಿದೆ. ಹೊರಗಿನ ತಿಂಡಿ ಕೊಡುವ ಹಾಗಿಲ್ಲ ಎಂದು ಹುಡುಗಿ ತಡೆಯುವುದರೊಳಗೆ ಅವನು ಆಚೆ ಈಚೆ ನೋಡಿ, ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡೇ ಬಿಟ್ಟ. ಕಣ್ಣು ಅರಳಿತು.

"ಬಾಳೆಹಣ್ಣು ಸೂಪರ್, ಸರ್" ಎಂದ.

ಸರ್ ಅಂತೆ. ತೋಟಕ್ಕೆ ಓಡಾಡಿದ್ದು ಯಾರು? ತೊಡೆ ಮೇಲಿಟ್ಟುಕೊಂಡು ಬಂದದ್ದು ಯಾರು?

ಖುಷಿಯಲ್ಲಿ ಅವನು ಬ್ಯಾಗಿನಿಂದ ತನ್ನ ಗ್ಲೌಸ್ ತೆಗೆದು ಯಜಮಾನರ ಕೈಗೆ ತೊಡಿಸಿದ. ಹುಡುಗಿ ನನ್ನ ಕಡೆ ತಿರುಗಿ, "ಮೇಡಂ, ನೀವೊಂದು ಫೋಟೋ ತೆಗೀತೀರಾ?" ಎಂದಳು. ತೆಗೆದೆ. ಬೆರಳು ಸಮೇತ.

ನಾನಾದರೂ ಬಿಡಲಿಲ್ಲ. ಮುಂದೆ ಬಂದು, ಸ್ಕೂಟಿಯಲ್ಲಿ ಉರು ಹೊಡೆದ ಪ್ರಶ್ನೆಯನ್ನು ಒಂದೇ ಉಸಿರಿಗೆ ಕೇಳಿದೆ. ಅವನ ಮುಖದ ನಾಚಿಕೆ ಹೋಯಿತು. ಇಷ್ಟು ಹೊತ್ತು ಅವನು ಫೋಟೋಗೆ ನಗುತ್ತಿದ್ದ, ಈಗ ನಿಜಕ್ಕೂ ಯೋಚಿಸಿದ. ಕಣ್ಣು ಸುಳ್ಳು ಹೇಳುತ್ತದೆ, ಕಾಲು ನೋಡುವ ಹೊತ್ತಿಗೆ ತಡವಾಗಿರುತ್ತದೆ, ನಾನು ಸೊಂಟ ನೋಡುತ್ತೇನೆ, ಸೊಂಟ ತಿರುಗಿದ ಕಡೆಗೇ ಚೆಂಡು ಎಂದ. ಎಂಥ ಉತ್ತರ. ಆದರೆ ಅಷ್ಟನ್ನೂ ಅವನು ಯಜಮಾನರ ಮುಖ ನೋಡಿಕೊಂಡು ಹೇಳಿದ. ಯಜಮಾನರು ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ವಿವರ ಕೇಳುವ ಹಾಗೆ ಗಂಭೀರವಾಗಿ ತಲೆ ಆಡಿಸಿದರು.

ವಾಪಸ್ ಬರುವಾಗ ಮದ್ದೂರಿನವರೆಗೂ ನಾನು ಬಾಳೆಹಣ್ಣಿನ ಟವೆಲನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದೆ. ಕೊನೆಗೆ ಅವರೇ, "ನಾನೇನ್ ಮಾಡ್ಲಿ? ಅವ್ರೇ ತೊಡ್ಸುದ್ರು, ನಾನು ಕೈ ಕೊಟ್ಟೆ. ಯೆಸ್ರು ಕೊಟ್ಟಿದ್ದು ನೀನೇ ಅಲ್ವಾ?" ಎಂದರು. ಮಾತು ಸರಿಯಾಗೇ ಇತ್ತು. ಸರಿಯಾದ ಮಾತಿನಷ್ಟು ಸಿಟ್ಟು ಬರಿಸುವುದು ಇನ್ನೊಂದಿಲ್ಲ. "ವಡೆ ತಿಂತೀಯಾ?" ಅಂದರು. ಬೇಡ ಎಂದೆ. ನನ್ನ ಪಾಲಿನದನ್ನೂ ಅವರೇ ತಿಂದರು. ಆ ಗ್ಲೌಸ್ ಹೊಕ್ಕು ಬಂದ ಕೈಯನ್ನು ನಾನಾಗಿದ್ದರೆ ಒಂದು ವಾರ ತೊಳೆಯುತ್ತಿರಲಿಲ್ಲ. ಅವರು ಚಟ್ನಿ ಹತ್ತಿತೆಂದು ಅಲ್ಲೇ ನಲ್ಲಿಗೆ ಹಿಡಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಮುಗಿಯಲು ಬಿಟ್ಟರೆ ತಾನೆ?

ಮುಂದಿನ ವಾರ ಟಿ. ನರಸೀಪುರದಲ್ಲಿ ನನ್ನ ನಾದಿನಿ ಸರ್ವಮಂಗಳಾಳ ಹೊಸ ಮನೆ ಗೃಹಪ್ರವೇಶ. ಬೆಳಿಗ್ಗೆ ಪೂಜೆಗೆ ಯಜಮಾನರು ಪಂಚೆ, ಶಲ್ಯದಲ್ಲಿ ಒಳ್ಳೆ ಮನುಷ್ಯರಂತೆಯೇ ಇದ್ದರು. ಊಟ ಮುಗಿದು, ಎಲೆ ಎತ್ತಿ, ಗಂಡಸರು ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಡಿಕೆ ಎಲೆ ಹಾಕುತ್ತ ಕೂತಾಗ, ಇವರು ರೂಮಿನಿಂದ ಹೊರಗೆ ಬಂದರು. ಕೆಳಗೆ ಪಂಚೆ. ಮೇಲೆ ಜೆರ್ಸಿ. ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದರು. ನನಗೆ ಹೇಳಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಹರಿಕಥೆ. "ಅಲ್ಲಿ ಐಸ್ ನೀರ್ ತೊಟ್ಟಿ ಮಡಗವ್ರೆ ಕಣ್ರಪ್ಪ. ಆಟ ಆಡ್ಬುಟ್ಟು ಬಂದು ಅದ್ರಲ್ಲಿ ಕೂತ್ಕೋತಾರೆ."

"ಬ್ಯಾಸ್ಗೇಲಿ ಸರಿ ಕಣ್ಲಾ, ಚಳೀಲಿ?" ಎಂದು ಕೇಳಿದ್ದು ದೊಡ್ಡತ್ತೆ, ಯಜಮಾನರ ಸೋದರತ್ತೆ. ಮನೆತನಕ್ಕೆಲ್ಲ ಹಿರಿಯರು, ಅವರು ಹೇಳಿದ್ದೇ ಕೊನೆ ಮಾತು.

"ಚಳೀಲೂ ಅಷ್ಟೇ ಕಣತ್ತೆ. ಅದೇ ಅಭ್ಯಾಸ ಅವ್ರಿಗೆ." ಎಷ್ಟು ವರ್ಷದಿಂದ ಆ ತೊಟ್ಟಿಯಲ್ಲಿ ಇವರೇ ಕೂತು ಎದ್ದ ಹಾಗೆ.

ನಾನು ಬಾಗಿಲಲ್ಲಿ ಪಾಯಸದ ಬೇಸಿನ್ ಹಿಡಿದು ನಿಂತಿದ್ದೆ. ಆಗ ಬಂತು ಆ ಮಾತು. "ಪೆನಾಲ್ಟಿ ಹೊಡೆಯೋನ ಕಣ್ಣು ನೋಡ್ಬಾರ್ದು, ಕಾಲೂ ನೋಡ್ಬಾರ್ದು. ಸೊಂಟ ನೋಡ್ಬೇಕು. ಕೀಪರೇ ನಂಗೆ ಯೋಳ್ದ."

ನಂಗೆ ಅಂತೆ. ನನ್ನ ಪ್ರಶ್ನೆ. ಗದ್ದೆಯಿಂದ, ನಾಲೆಯಿಂದ, ಸ್ಕೂಟಿಯಿಂದ ಹೊತ್ತು ತಂದ ನನ್ನ ಪ್ರಶ್ನೆ. ಬಾಳೆಹಣ್ಣು ಹೋಗಲಿ, ಜೆರ್ಸಿ ಹೋಗಲಿ, ಗ್ಲೌಸ್ ಕೂಡ ಹಾಳಾಗಿ ಹೋಗಲಿ. ಇದನ್ನೂ ಬಿಡಬೇಕಾ?

ಸರ್ವಮಂಗಳಾಳ ಗಂಡ ರಾಜಶೇಖರ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನು. "ಅಂಗಾರೆ ಒಂದ್ ಕೈ ನೋಡುಮಾ ಬನ್ನಿ ಭಾವ" ಎಂದು ಎದ್ದ. ಮಕ್ಕಳ ಚೆಂಡು ಬಂತು. ಶಾಮಿಯಾನದ ಎರಡು ಕಂಬ ಗೋಲ್ ಪೋಸ್ಟ್ ಆಯಿತು. ಯಜಮಾನರು ಪಂಚೆ ಎತ್ತಿ ಕಟ್ಟಿ, ರಾಜಶೇಖರನ ಸೊಂಟವನ್ನೇ ನೋಡುತ್ತ ನಿಂತರು. ಸೊಂಟ ನೋಡುವುದರಲ್ಲಿ ಎಷ್ಟು ಮುಳುಗಿದ್ದರೆಂದರೆ, ಚೆಂಡು ಪಕ್ಕದಲ್ಲಿ ಹೋದದ್ದು ಅವರಿಗೆ ಗೊತ್ತಾಗಲಿಲ್ಲ. ಇನ್ನೊಂದು ಹೊಡೆದ. ಅದೂ ಹೋಯಿತು. ಜನ ನಕ್ಕರು. "ಊಟ ಜಾಸ್ತಿ ಆಯ್ತು" ಎಂದರು ಇವರು.

ಪಾಯಸದ ಬೇಸಿನ್ ಕೆಳಗಿಟ್ಟೆ. ಸೆರಗು ಸೊಂಟಕ್ಕೆ ಸಿಗಿಸಿದೆ. "ಅಲ್ಲಿಂದ ಈಚೆ ಬನ್ನಿ" ಎಂದೆ.

"ಅಕ್ಕ, ನೀವ್ ಬ್ಯಾಡಿ, ಬಿದ್ದು ಗಿದ್ದೀರಿ" ಎಂದ ರಾಜಶೇಖರ. "ನೀನು ಹೊಡಿ" ಎಂದೆ. ನಿಧಾನಕ್ಕೆ ಹೊಡೆಯಬೇಕೆಂದುಕೊಂಡು ಬಂದಿದ್ದನೋ ಏನೋ, ನನ್ನ ಮುಖ ನೋಡಿ ಮನಸ್ಸು ಬದಲಿಸಿದ. ಓಡಿ ಬಂದ. ಕಣ್ಣು ಎಡಕ್ಕಿತ್ತು. ಸೊಂಟ ಬಲಕ್ಕೆ ತಿರುಗಿತು. ರೇಷ್ಮೆ ಸೀರೆಯಲ್ಲೇ ಬಲಕ್ಕೆ ಬಿದ್ದೆ.

ಚೆಂಡು ಅಂಗೈಗೆ ಬಂದು ಹೊಡೆಯಿತು. ಹೊರಗೆ ಹೋಯಿತು. ನಾಲೆಯ ಪಕ್ಕ ಬಿಟ್ಟು ಬಂದ ಆಟ ಇಷ್ಟು ವರ್ಷವಾದ ಮೇಲೂ ಕೈಯಲ್ಲಿತ್ತು. ಅಂಗೈ ಉರಿಯುತ್ತಿತ್ತು, ಮೊಣಕೈ ತರಚಿತ್ತು. ಅಷ್ಟು ಸುಖ ನನಗೆ ಯಾವ ಒಡವೆಯಲ್ಲೂ ಸಿಕ್ಕಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ರಾಜಶೇಖರ ಬಾಯಿ ಬಿಟ್ಟುಕೊಂಡು ನಿಂತ. ಆಗ ದೊಡ್ಡತ್ತೆ ಕುರ್ಚಿಯಿಂದಲೇ ಹೇಳಿದರು: "ಪರ್ವಾಗಿಲ್ಲ ಕಣ್ಲಾ ಮಾದೇವ. ಎಂಡ್ತಿಗೂ ಚೆಂದಾಗೇ ಕಲ್ಸಿದ್ದೀಯೆ."

ಎಲ್ಲರೂ ಯಜಮಾನರ ಕಡೆ ತಿರುಗಿದರು. ನಾನೂ ನೆಲದಲ್ಲಿ ಕೂತೇ ತಿರುಗಿದೆ. ಅವರಿಗೆ ಕಷ್ಟದ ಕೆಲಸವೇನೂ ಇರಲಿಲ್ಲ. 'ನಾನ್ ಕಲಿಸಿಲ್ಲ ಕಣತ್ತೆ, ಇದೆಲ್ಲ ಅವಳದು' ಎಂದರೆ ಮುಗಿಯುತ್ತಿತ್ತು. ಅಷ್ಟು ಹೇಳಿದ್ದರೆ ಗ್ಲೌಸ್, ಜೆರ್ಸಿ, ಮೂಲೆಯ ಸೀಟು ಎಲ್ಲವನ್ನೂ ಅಲ್ಲೇ ಮಾಫಿ ಮಾಡುತ್ತಿದ್ದೆ. ಹೇಳುತ್ತಾರೆ ಎಂದೇ ಅಂದುಕೊಂಡಿದ್ದೆ.

ಅವರು ಜೆರ್ಸಿಯ ಅಂಚಿನಿಂದ ಮುಖ ಒರೆಸಿಕೊಂಡರು. "ಏನೋ ಕಣತ್ತೆ" ಎಂದರು, "ಜೊತೇಲಿ ಕೂತು ನೋಡ್ತಾ ನೋಡ್ತಾ ಕಲ್ತವ್ಳೆ."

ನಾನು ಎದ್ದು, ಸೀರೆ ಕೊಡವಿಕೊಂಡು, ಬೇಸಿನ್ ಎತ್ತಿಕೊಂಡು ಎಲ್ಲರಿಗೂ ಇನ್ನೊಂದು ಸುತ್ತು ಪಾಯಸ ಹಾಕಿದೆ. ಯಜಮಾನರ ಲೋಟಕ್ಕೆ ಮಾತ್ರ ಹಾಕಲಿಲ್ಲ. ಅವರು ಲೋಟ ಚಾಚಿಯೇ ಇದ್ದರು.

ಮೊನ್ನೆ ಕ್ಲಬ್ಬಿನಿಂದ ಮತ್ತೆ ಮೆಸೇಜ್ ಬಂತು. ಸದಸ್ಯತ್ವ ರಿನ್ಯೂ ಮಾಡಿಸಬೇಕು. ಈ ವರ್ಷ ಮಾಡಿಸಿದವರಿಗೆ ಕೀಪರ್‌ಗಳ ಪ್ರಾಕ್ಟೀಸ್ ಹತ್ತಿರದಿಂದ ನೋಡುವ ಅವಕಾಶವಂತೆ. ಮೊದಲಿನ ಹಾಗೇ ಜೊತೆಗೆ ಒಬ್ಬರನ್ನು ಕರೆತರಬಹುದು. ಫ್ಯಾಕ್ಟರಿಯಿಂದ ಬಂದ ಯಜಮಾನರು ಶೂ ಕೂಡ ಬಿಚ್ಚದೆ ಕೇಳಿದರು.

"ರಿನ್ಯೂ ಮಾಡ್ಸುದ್ಯಾ?"

"ಮಾಡ್ಸಿದೆ."

"ನನ್ ಯೆಸ್ರಲ್ಲೇ ತಾನೆ?"

"ನನ್ನ ಹೆಸರಲ್ಲಿ."

ಗೋಡೆಯ ಫೋಟೋ ಕಡೆ ನೋಡಿದರು. "ಅಂಗಾರೆ ಗ್ಲೌಸು ನಿಂಗೇ ತೊಡಿಸ್ತಾರಾ?" ಎಂದರು. ಮುಖದಲ್ಲಿ ಎಳ್ಳಷ್ಟು ಹೊಟ್ಟೆಕಿಚ್ಚು ಕಂಡಿತು. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

"ಮತ್ತೆ ನಾನು?" ಎಂದು ಕೇಳಿದರು.

ಪಾಪ, ಬಿಟ್ಟು ಹೋಗುವವಳಲ್ಲ ನಾನು. ಜೊತೆಗೆ ಬರುವವರು ಅಂತ ಅವರ ಹೆಸರೇ ಕೊಟ್ಟಿದ್ದೇನೆ. ಫೋಟೋ ತೆಗೆಯೋಕೆ ಒಬ್ಬರು ಬೇಕಲ್ಲ?